ಓದುಗರ ಪ್ರಶ್ನೆ: ಖಾಕಿ ತೊಟ್ಟ ಮಾತ್ರಕ್ಕೆ ಮನುಷ್ಯ ಕ್ರೂರಿಯಾಗುತ್ತಾನೆಯೇ?

ಪ್ರಶ್ನೆ: ಜೈಲಿನೊಳಗೆ ನಡೆಯುವ ಸೇಡಿನ ಕಥೆ ಬರೆಯುತ್ತಿದ್ದೇನೆ. ನಾಯಕ ಮೆದು ಸ್ವಭಾವದ ವಾರ್ಡರ್. ಅವನ ತಂಗಿಯನ್ನು ಕೊಂದವನು ಅವನದೇ ಬ್ಯಾರಕ್‌ಗೆ ಕೈದಿಯಾಗಿ ಬರುತ್ತಾನೆ. ಸ್ಟ್ಯಾನ್‌ಫರ್ಡ್ ಪ್ರಯೋಗದಲ್ಲಿ ಆದ ಹಾಗೆ ನಾಯಕ ಆರೇ ದಿನದಲ್ಲಿ ಕ್ರೂರಿಯಾಗುವುದನ್ನು ತೋರಿಸಿದರೆ ಓದುಗರು ನಂಬುತ್ತಾರಾ?

ಉತ್ತರ: ಆರು ದಿನದಲ್ಲಿ ತೋರಿಸಿ, ತೊಂದರೆಯಿಲ್ಲ. ಆದರೆ ಅದಕ್ಕೆ ಸ್ಟ್ಯಾನ್‌ಫರ್ಡ್ ಪ್ರಯೋಗವನ್ನು ಆಧಾರವಾಗಿ ಹಿಡಿಯಬೇಡಿ. ಜೈಲಿನ ಕಥೆ ಬರೆಯಲು ಕೂತವರೆಲ್ಲ ಇದೇ ಪ್ರಯೋಗವನ್ನು ಮುಂದಿಡುತ್ತಾರೆ, ಪ್ರತಿ ಸಲವೂ ಅದೇ ತಪ್ಪು ರೂಪದಲ್ಲಿ. ಹಾಗಾಗಿ ಈ ಸಲ ಬುಡದಿಂದಲೇ ಹೇಳುತ್ತೇನೆ.

ಎಲ್ಲರ ಬಾಯಲ್ಲಿರುವ ಕಥೆ ಇದು. 1971ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ನೆಲಮಾಳಿಗೆಯಲ್ಲಿ ಮನಶ್ಶಾಸ್ತ್ರಜ್ಞ ಫಿಲಿಪ್ ಜಿಂಬಾರ್ಡೊ ಒಂದು ಅಣಕು ಜೈಲು ಕಟ್ಟಿದರು. ದಿನಕ್ಕೆ 15 ಡಾಲರ್ ಕೊಡುವುದಾಗಿ ಹೇಳಿ 24 ಆರೋಗ್ಯವಂತ ಯುವಕರನ್ನು ಆರಿಸಿ, ಯಾರು ಕಾವಲುಗಾರ, ಯಾರು ಕೈದಿ ಎಂಬುದನ್ನು ಅದೃಷ್ಟಕ್ಕೆ ಬಿಟ್ಟರು. ಕಾವಲುಗಾರರಿಗೆ ಖಾಕಿ, ಕಣ್ಣು ಕಾಣದಂಥ ಕನ್ನಡಕ, ಲಾಠಿ. ಕೈದಿಗಳಿಗೆ ನಿಲುವಂಗಿ, ಕಾಲಿಗೆ ಸರಪಳಿ, ಹೆಸರಿನ ಬದಲು ನಂಬರ್. ಎರಡು ವಾರದ ಪ್ರಯೋಗ ಆರೇ ದಿನಕ್ಕೆ ನಿಂತಿತು. ಇಲ್ಲಿಯವರೆಗೆ ಎಲ್ಲ ನಿಜ. ಸುಳ್ಳು ಶುರುವಾಗುವುದು ಇದರ ಮುಂದಿನ ಸಾಲಿನಲ್ಲಿ: "ಯಾರೂ ಏನೂ ಹೇಳಿಕೊಡಲಿಲ್ಲ, ಸಮವಸ್ತ್ರವೇ ಅವರನ್ನು ರಾಕ್ಷಸರನ್ನಾಗಿಸಿತು."

ಹೇಳಿಕೊಟ್ಟಿದ್ದರು. ಪ್ರಯೋಗಕ್ಕೆ ಮೊದಲೇ ಕಾವಲುಗಾರರನ್ನು ಕೂರಿಸಿಕೊಂಡು, ಕೈದಿಗಳಲ್ಲಿ ಬೇಸರ, ಭಯ, ಏನೂ ತಮ್ಮ ಕೈಯಲ್ಲಿಲ್ಲವೆಂಬ ಭಾವ ಹುಟ್ಟಿಸಬಹುದು ಎಂದು ಜಿಂಬಾರ್ಡೊ ಅವರೇ ವಿವರಿಸಿದ್ದರು. ಅವರು ದೂರ ನಿಂತು ನೋಡುವ ಸಂಶೋಧಕರಾಗಿಯೂ ಉಳಿಯಲಿಲ್ಲ. ಆ ಜೈಲಿನ ಸೂಪರಿಂಟೆಂಡೆಂಟ್ ಪಾತ್ರ ಅವರದೇ. ವಾರ್ಡನ್ ಆಗಿದ್ದ ವಿದ್ಯಾರ್ಥಿ, ಕೈಕಟ್ಟಿ ನಿಂತಿದ್ದ ಒಬ್ಬ ಕಾವಲುಗಾರನನ್ನು ಪಕ್ಕಕ್ಕೆ ಕರೆದು, ಇಲ್ಲಿ ಪ್ರತಿಯೊಬ್ಬನೂ ಗಡಸಾಗಿರಬೇಕು ಎಂದು ಒತ್ತಾಯಿಸಿದ ಧ್ವನಿಮುದ್ರಣ ಇಂದಿಗೂ ಇದೆ. ಎಲ್ಲರಿಗಿಂತ ಕ್ರೂರಿ ಎನಿಸಿಕೊಂಡ ಕಾವಲುಗಾರ, ತಾನು ಒಂದು ಜೈಲು ಸಿನಿಮಾದ ಅಧಿಕಾರಿಯನ್ನು ಬೇಕೆಂದೇ ಅನುಕರಿಸಿದೆ, ಸಂಶೋಧಕರಿಗೆ ಬೇಕಾದದ್ದು ಅದೇ ಅಂದುಕೊಂಡಿದ್ದೆ ಎಂದು ಆಮೇಲೆ ಹೇಳಿದ. 1975ರಲ್ಲಿ ಬನುಅಜೀಜಿ ಮತ್ತು ಮೊವಾಹೆದಿ ಎಂಬ ಸಂಶೋಧಕರು ಈ ಪ್ರಯೋಗದ ವಿವರವನ್ನಷ್ಟೇ ಬೇರೆ ವಿದ್ಯಾರ್ಥಿಗಳಿಗೆ ಓದಿಸಿ ಕೇಳಿದಾಗ, ಇದರಿಂದ ಏನು ಸಾಬೀತಾಗಬೇಕಿದೆ ಎಂಬುದನ್ನು ಬಹುಪಾಲು ಜನ ಸರಿಯಾಗಿಯೇ ಊಹಿಸಿದರು.

ಇನ್ನೊಂದು ಮಾತಂತೂ ಯಾರ ಕಿವಿಗೂ ಬೀಳುವುದಿಲ್ಲ: ಜಿಂಬಾರ್ಡೊ ಅವರ ಲೆಕ್ಕದಲ್ಲೇ ಕ್ರೂರವಾಗಿ ನಡೆದುಕೊಂಡವರು ಕಾವಲುಗಾರರಲ್ಲಿ ಸುಮಾರು ಮೂರನೇ ಒಂದು ಭಾಗ. ಅದೇ ಖಾಕಿ, ಅದೇ ಕನ್ನಡಕ ತೊಟ್ಟ ಉಳಿದವರಲ್ಲಿ ಕೆಲವರು ನಿಯಮದಂತೆ ನಡೆದರು, ಕೆಲವರು ಕೈದಿಗಳಿಗೆ ಸಣ್ಣಪುಟ್ಟ ಉಪಕಾರ ಮಾಡಿದರು. 2001ರ ಡಿಸೆಂಬರ್‌ನಲ್ಲಿ ಬ್ರಿಟನ್‌ನಲ್ಲಿ ಹ್ಯಾಸ್ಲಮ್ ಮತ್ತು ರೈಕರ್ ಎಂಬ ಮನಶ್ಶಾಸ್ತ್ರಜ್ಞರು 15 ಜನರನ್ನಿಟ್ಟುಕೊಂಡು ಇಂಥದ್ದೇ ಜೈಲು ಮಾಡಿದಾಗ, ಗಡಸಾಗಿರಿ ಎಂದು ಯಾರೂ ಹೇಳಿಕೊಡಲಿಲ್ಲ. ಅಲ್ಲಿ ಕಾವಲುಗಾರರು ಅಧಿಕಾರ ಚಲಾಯಿಸಲು ಹಿಂಜರಿದರು, ತಮ್ಮತಮ್ಮಲ್ಲೇ ಒಗ್ಗಟ್ಟಿಲ್ಲದೆ ಸೋತರು. ಕೊನೆಗೆ ಆ ವ್ಯವಸ್ಥೆಯನ್ನು ಉರುಳಿಸಿದ್ದು ಕೈದಿಗಳು.

ಕಥೆ ಬರೆಯುವವರಿಗೆ ಇದೆಲ್ಲ ಏಕೆ ಮುಖ್ಯ? ಸಮವಸ್ತ್ರವೇ ಎಲ್ಲವನ್ನೂ ಮಾಡಿಸುತ್ತದೆ ಎಂದು ನಂಬಿದರೆ ನಿಮ್ಮ ವಾರ್ಡರ್‌ಗೆ ಆಯ್ಕೆಯೇ ಉಳಿಯುವುದಿಲ್ಲ. ಆಯ್ಕೆ ಇಲ್ಲದವನಿಗೆ ಎಂಥ ಧರ್ಮಸಂಕಟ?

ನಿಜಕ್ಕೂ ಆ ಪ್ರಯೋಗದಿಂದ ಒಂದು ದೃಶ್ಯ ತೆಗೆದುಕೊಳ್ಳುವುದಾದರೆ ಇದನ್ನು ತೆಗೆದುಕೊಳ್ಳಿ. 416 ಎಂಬ ನಂಬರಿನ ಕೈದಿ ಊಟ ಬಿಟ್ಟ. ಅವನನ್ನು ಒಂಟಿ ಕೋಣೆಗೆ ತಳ್ಳಿದರು. ಕೋಣೆಯೆಂದರೆ ಸುಮಾರು ಎರಡಡಿ ಅಗಲ, ಎರಡಡಿ ಆಳದ ಬೀರು, ಒಳಗೆ ನಿಲ್ಲಬಹುದು ಅಷ್ಟೆ. ಕಾವಲುಗಾರ ಉಳಿದ ಕೈದಿಗಳ ಮುಂದೆ ಷರತ್ತಿಟ್ಟ: ನಿಮ್ಮ ಕಂಬಳಿ ಕೊಟ್ಟರೆ ಅವನನ್ನು ಬಿಡುತ್ತೇನೆ, ಇಲ್ಲವಾದರೆ ರಾತ್ರಿಯಿಡೀ ಅವನು ಅಲ್ಲೇ. ಹೆಚ್ಚಿನವರು ಕಂಬಳಿ ಇಟ್ಟುಕೊಂಡರು. ಏಟಿಲ್ಲ, ರಕ್ತವಿಲ್ಲ. ಒಂದು ರಾತ್ರಿಯ ಚಳಿ ಒಂದು ಕಡೆ, ಪಕ್ಕದವನ ಸಂಕಟ ಇನ್ನೊಂದು ಕಡೆ. ಧರ್ಮಸಂಕಟದ ದೃಶ್ಯಕ್ಕೆ ಬೆಲೆ ಇಷ್ಟು ಚಿಕ್ಕದಾಗಿರಬೇಕು. ಆಗಲೇ ಓದುವವರು "ನಾನಾಗಿದ್ದರೆ?" ಎಂದು ತಡೆದು ನಿಲ್ಲುವುದು.

ನಿಮ್ಮ ವಾರ್ಡರ್‌ನ ಇಳಿಜಾರನ್ನೂ ಇದೇ ಅಳತೆಯಲ್ಲಿ ಕಟ್ಟಿ. ಮೊದಲ ತಪ್ಪು ಮಾಡಿದ್ದಲ್ಲ, ಮಾಡದೆ ಬಿಟ್ಟದ್ದಾಗಿರಲಿ: ಕೈದಿ ಹೊಟ್ಟೆನೋವು ಅಂದಾಗ ಡಾಕ್ಟರ್‌ಗೆ ಚೀಟಿ ಬರೆಯದೆ ಸುಮ್ಮನಿರುವುದು. ಎರಡನೆಯದು ನಿಯಮದ ಒಳಗೇ ಇರಲಿ. ಎಲ್ಲರ ಹಾಸಿಗೆಯನ್ನು ಒಂದು ಸಲ ಜಾಲಾಡಿದರೆ ಇವನದನ್ನು ಮೂರು ಸಲ. ಸ್ಟ್ಯಾನ್‌ಫರ್ಡ್‌ನಲ್ಲೂ ಹತ್ತು ನಿಮಿಷದ ತಲೆಯೆಣಿಕೆ ಬೆಳೆಯುತ್ತ ಗಂಟೆಗಟ್ಟಲೆ ನಡೆಯಿತು. ಯಾವ ಕ್ಷಣಕ್ಕೆ ಅದು ಹಿಂಸೆಯಾಯಿತು ಎಂದು ಬೆರಳಿಟ್ಟು ತೋರಿಸಲಾಗದು. ಮೂರನೆಯದು ರಿಜಿಸ್ಟರ್‌ನಲ್ಲಿ ಸುಳ್ಳು ಬರೆಯುವುದು. ಕೈ ಎತ್ತುವುದು ಇದೆಲ್ಲ ಆದ ಮೇಲೆ, ಅದೂ ಒಂದೇ ಸಲ. ಹೊಡೆತದ ದೃಶ್ಯ ಸಾಲಾಗಿ ಮೂರು ಬಂದರೆ ಓದುವವರ ಮನಸ್ಸು ಮರಗಟ್ಟುತ್ತದೆ. ಜೊತೆಗೆ ಇಬ್ಬರು ಬೇಕೇ ಬೇಕು: ಕಂಡೂ ಕಾಣದಂತೆ ತಲೆಯಾಡಿಸುವ ಮೇಲಧಿಕಾರಿ ಮತ್ತು ಅಷ್ಟೇ ಸಂಬಳಕ್ಕೆ ಅದೇ ಪಾಳಿಯಲ್ಲಿ ದುಡಿದೂ ಕೈ ಎತ್ತದ ಇನ್ನೊಬ್ಬ ವಾರ್ಡರ್. ಈ ಎರಡನೆಯವನನ್ನು ಬಿಟ್ಟರೆ ಕಥೆ ಮತ್ತೆ "ಎಲ್ಲರೂ ಹಾಗೇ" ಎಂಬ ಹಳೆಯ ಸುಳ್ಳಿಗೆ ಜಾರುತ್ತದೆ.

ಕೊನೆಗೆ ಕೈದಿ ನಿರಪರಾಧಿ ಎಂದು ತಿರುವು ಕೊಡುವ ಆಸೆ ಬರುತ್ತದೆ. ದಯವಿಟ್ಟು ಬೇಡ. ಅವನು ನಿರಪರಾಧಿಯಾದರೆ ನಾಯಕನದು ಬರೀ ಗುರುತು ತಪ್ಪಿದ ಪ್ರಕರಣವಾಗುತ್ತದೆ. ಕೊಂದವನು ಅವನೇ ಆಗಿರಲಿ.

ನೀವು ಕೇಳದಿದ್ದರೂ ಒಂದು ಮಾತು ಹೇಳಲೇಬೇಕು: ಸೇಡು ತೀರಿದ ಮೇಲೆ ಏನಾಗುತ್ತದೆ? ಹೆಚ್ಚಿನ ಕಥೆಗಳು ಅಲ್ಲಿಗೇ ಮುಗಿಯುತ್ತವೆ, ನಾಯಕನ ಎದೆಭಾರ ಇಳಿದಂತೆ. 2008ರಲ್ಲಿ ಕಾರ್ಲ್‌ಸ್ಮಿತ್, ವಿಲ್ಸನ್ ಮತ್ತು ಗಿಲ್ಬರ್ಟ್ ಎಂಬ ಮನಶ್ಶಾಸ್ತ್ರಜ್ಞರು ಹಣದ ಆಟವೊಂದರಲ್ಲಿ ಮೋಸ ಹೋದವರಿಗೆ ಸೇಡಿನ ಅವಕಾಶ ಕೊಟ್ಟು ನೋಡಿದರು. ಶಿಕ್ಷೆ ಕೊಟ್ಟರೆ ಹಗುರಾಗುತ್ತದೆ ಎಂದೇ ಜನ ಭಾವಿಸಿದ್ದರು. ಆದದ್ದು ತಿರುವುಮುರುವು: ಶಿಕ್ಷೆ ಕೊಟ್ಟವರು ಮೋಸ ಮಾಡಿದವನನ್ನೇ ಮೆಲುಕು ಹಾಕುತ್ತ, ಅವಕಾಶ ಸಿಗದವರಿಗಿಂತ ಹೆಚ್ಚು ಕುಗ್ಗಿದ್ದರು. ಮರುವರ್ಷ ಗೊಲ್‌ವಿಟ್ಜರ್ ಮತ್ತು ಡೆನ್ಜ್ಲರ್ ಇನ್ನೊಂದು ಎಳೆ ಹಿಡಿದರು: ತನಗೇಕೆ ಈ ಶಿಕ್ಷೆ ಎಂಬುದು ತಪ್ಪು ಮಾಡಿದವನಿಗೆ ಅರ್ಥವಾದರೆ ಮಾತ್ರ ಸೇಡಿಗೆ ತೃಪ್ತಿ, ಅವನು ನರಳುವುದನ್ನು ಕಂಡಷ್ಟಕ್ಕೇ ಇಲ್ಲ.

ಹಾಗಾಗಿ ಕತ್ತಲಲ್ಲಿ ಹಿಂದಿನಿಂದ ಹೊಡೆದು ಮುಗಿಸುವ ಅಂತ್ಯ ಕೈಬಿಡಿ. ವಾರ್ಡರ್ ತಂಗಿಯ ಹೆಸರು ಹೇಳುವ, ಕೈದಿಗೆ ಆ ಹೆಸರೇ ನೆನಪಾಗದ ಒಂದು ಮಾತುಕತೆ ಬರೆಯಿರಿ. ಅವನ ಹೊಟ್ಟೆನೋವಿಗೆ ಚೀಟಿ ಬರೆಯುವುದೋ ಬೇಡವೋ ಎಂಬ ಪ್ರಶ್ನೆ ಆ ಮಾತುಕತೆಯ ನಂತರ ಮತ್ತೊಮ್ಮೆ ಬರಲಿ, ಈ ಸಲ ನಿಜವಾದ ಪ್ರಾಣಾಪಾಯದೊಂದಿಗೆ. ಕಥೆಯ ಕೊನೆಯ ಐದಾರು ಪುಟಗಳನ್ನು ಆ ಚೀಟಿಗೇ ಮೀಸಲಿಡಿ.