ಬರೆದಿಡುವುದು ದೊಡ್ಡದಲ್ಲ, ಓದುವವರು ಬೇಕು

ಸಾಗರದ ಹತ್ತಿರ ಕೆಳದಿಯಲ್ಲಿ ಒಂದು ವಸ್ತುಸಂಗ್ರಹಾಲಯವಿದೆ. ಅಲ್ಲಿರುವ ಓಲೆಗರಿ ಕಟ್ಟುಗಳಲ್ಲಿ ಎಷ್ಟೋ ತಿಗಳಾರಿ ಲಿಪಿಯವು. ಒಂದು ಕಾಲಕ್ಕೆ ಮಲೆನಾಡು, ಕರಾವಳಿಯಲ್ಲಿ ಸಂಸ್ಕೃತ ಗ್ರಂಥಗಳನ್ನು ಬರೆಯಲು ಬಳಸುತ್ತಿದ್ದ ಲಿಪಿ. ಗರಿ ಉಳಿದಿದೆ, ಅಕ್ಷರವೂ ಕಾಣುತ್ತದೆ. ಸರಾಗವಾಗಿ ಓದಬಲ್ಲವರನ್ನು ಮಾತ್ರ ಹುಡುಕಿಕೊಂಡು ಹೋಗಬೇಕು.

ಪುಸ್ತಕ, ಫೋಟೊ, ದಾಖಲೆ ಎಲ್ಲವನ್ನೂ ಇನ್ನು ಡಿಎನ್‌ಎಯಲ್ಲಿ ತುಂಬಿಡಬಹುದು ಎಂಬ ಸುದ್ದಿ ಈಗ ಆಗಾಗ ಬರುತ್ತದೆ. ಚಿಟಿಕೆಯಷ್ಟು ಪುಡಿಯಲ್ಲಿ ಇಡೀ ಗ್ರಂಥಾಲಯ, ಸಾವಿರಾರು ವರ್ಷ ಬಾಳಿಕೆ ಅಂತೆಲ್ಲ. ಸುಳ್ಳೇನಲ್ಲ. ಆದರೆ ಡಿಎನ್‌ಎ ಕಥೆಯಲ್ಲಿ ಜನ ಒದ್ದಾಡಿದ್ದು ಮೊದಲಿನಿಂದಲೂ ಓದುವುದಕ್ಕೆ.

1869ರಲ್ಲಿ ಸ್ವಿಸ್ ವಿಜ್ಞಾನಿ ಫ್ರೀಡ್ರಿಶ್ ಮೀಶರ್ ಆಸ್ಪತ್ರೆಯ ಬ್ಯಾಂಡೇಜಿಗೆ ಅಂಟಿದ ಕೀವಿನಿಂದ ಈ ವಸ್ತುವನ್ನು ಬೇರ್ಪಡಿಸಿದರು. ವಂಶದ ಗುಣ ಸಾಗಿಸುವುದು ಇದೇ ಎಂದು ಆಸ್ವಾಲ್ಡ್ ಏವರಿ ತಂಡ ತೋರಿಸಿದ್ದು 1944ರಲ್ಲಿ. 1953ರಲ್ಲಿ ವ್ಯಾಟ್ಸನ್ ಮತ್ತು ಕ್ರಿಕ್ ಅದರ ರಚನೆ ಹೇಳಿದರು. ಅದಕ್ಕೆ ರೋಸಲಿಂಡ್ ಫ್ರಾಂಕ್ಲಿನ್ ಅವರ ಎಕ್ಸ್-ರೇ ಚಿತ್ರಗಳ ಆಸರೆಯಿತ್ತು. ಎ, ಟಿ, ಜಿ, ಸಿ ಎಂಬ ನಾಲ್ಕು ಅಕ್ಷರಗಳೇನೋ ಸಿಕ್ಕವು. ಅವು ಯಾವ ಪ್ರೋಟೀನ್ ಕಟ್ಟಲು ಹೇಳುತ್ತವೆ ಎಂಬ ಅರ್ಥ ಸಿಗಲಿಲ್ಲ.

ಭೌತವಿಜ್ಞಾನಿ ಜಾರ್ಜ್ ಗ್ಯಾಮೋ ಕಾಗದದ ಮೇಲೆ ಲೆಕ್ಕ ಹಾಕಿಯೇ ಬಿಡಿಸಲು ಹೊರಟರು. ನಾಲ್ಕು ಅಕ್ಷರಗಳನ್ನು ಮೂರು ಮೂರಾಗಿ ಜೋಡಿಸಿದರೆ 64 ಪದ. ಪ್ರೋಟೀನಿಗೆ ಬೇಕಾದ ಅಮೈನೋ ಆಮ್ಲಗಳು 20. ಈ ಎರಡನ್ನು ಹೊಂದಿಸಲು ಅವರೂ ಇತರರೂ ಬಹಳ ಚೆಂದದ ಸೂತ್ರಗಳನ್ನು ಕಟ್ಟಿದರು. ಒಂದೂ ನಿಜವಾಗಲಿಲ್ಲ. ಪ್ರಕೃತಿಗೆ ನಮ್ಮ ಚೆಂದದ ಹಂಗಿಲ್ಲ, ಅಲ್ವಾ?

ಬೀಗ ತೆರೆದದ್ದು 1961ರಲ್ಲಿ, ಪ್ರಯೋಗಾಲಯದ ಕೊಳವೆಯಲ್ಲಿ. ಮಾರ್ಷಲ್ ನೀರೆನ್‌ಬರ್ಗ್ ಮತ್ತು ಹೈನ್ರಿಶ್ ಮಥಾಯ್ ಜೀವಕೋಶಗಳಿಂದ ತೆಗೆದ ರಸಕ್ಕೆ ಬರೀ 'ಯು' ಅಕ್ಷರವೇ ಇರುವ ಆರ್‌ಎನ್‌ಎ ಹಾಕಿದರು. (ಆರ್‌ಎನ್‌ಎ ಡಿಎನ್‌ಎಯಂಥದ್ದೇ ಸರಪಳಿ, ಅದರಲ್ಲಿ ಟಿ ಜಾಗದಲ್ಲಿ ಯು ಇರುತ್ತದೆ.) ಹೊರಬಂದ ಪ್ರೋಟೀನಿನಲ್ಲಿ ಫಿನೈಲ್‌ಅಲನೀನ್ ಎಂಬ ಅಮೈನೋ ಆಮ್ಲ ಒಂದೇ ಇತ್ತು. ಅಂದರೆ ಯುಯುಯು ಎಂಬ ಪದದ ಅರ್ಥ ಅದು. ಮುಂದಿನ ಕೆಲಸದಲ್ಲಿ ದೊಡ್ಡ ಪಾಲು ಹರಗೋವಿಂದ ಖೊರಾನಾ ಅವರದು. ಇಂದಿನ ಪಾಕಿಸ್ತಾನಕ್ಕೆ ಸೇರಿದ ಪಂಜಾಬಿನ ರಾಯ್‌ಪುರದಲ್ಲಿ ಹುಟ್ಟಿ, ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಕೆಲಸ ಮಾಡುತ್ತಿದ್ದವರು. ಯು, ಸಿ, ಯು, ಸಿ ಎಂದು ಬೇಕಾದ ಸಾಲನ್ನೇ ಅವರು ಕೈಯಾರೆ ಕಟ್ಟಿದರು. ಅದನ್ನು ಮೂರು ಮೂರಾಗಿ ಓದಿದರೆ ಯುಸಿಯು, ಸಿಯುಸಿ ಎಂಬ ಎರಡೇ ಪದ ಸರದಿಯಲ್ಲಿ ಬರುತ್ತವೆ. ಬಂದದ್ದೂ ಹಾಗೆಯೇ: ಸೆರೀನ್, ಲ್ಯೂಸೀನ್, ಸೆರೀನ್, ಲ್ಯೂಸೀನ್. 1966ರ ಹೊತ್ತಿಗೆ ಇಡೀ ಕೋಷ್ಟಕ ತುಂಬಿತು. 61 ಪದ ಅಮೈನೋ ಆಮ್ಲಗಳಿಗೆ, ಉಳಿದ 3 'ನಿಲ್ಲಿಸು' ಎನ್ನಲು. 1968ರಲ್ಲಿ ನೀರೆನ್‌ಬರ್ಗ್, ರಾಬರ್ಟ್ ಹಾಲಿ ಜೊತೆ ಖೊರಾನಾಗೆ ನೊಬೆಲ್ ಬಂತು.

ಈ ಓದು ನಮ್ಮಿಂದ ದೂರದ್ದಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಸಿಕ್ಕ ವೈರಸ್ ಆರ್‌ಎನ್‌ಎಯದ್ದು. ಅದರ ಇಡೀ ಬರಹ ಸುಮಾರು 11 ಸಾವಿರ ಅಕ್ಷರ. ಕಂಪ್ಯೂಟರ್ ಲೆಕ್ಕದಲ್ಲಿ ಮೂರು ಕಿಲೋಬೈಟ್‌ಗೂ ಕಡಿಮೆ. ವಾಟ್ಸ್ಆ್ಯಪ್‌ನಲ್ಲಿ ಬರುವ ಗುಡ್ ಮಾರ್ನಿಂಗ್ ಚಿತ್ರ ಇದಕ್ಕಿಂತ ಎಷ್ಟೋ ದೊಡ್ಡದು! ಮಂಗನ ಕಾಯಿಲೆಯ ಶಂಕೆ ಬಂದಾಗ ಮಾಡುವ ಆರ್‌ಟಿ-ಪಿಸಿಆರ್ ಪರೀಕ್ಷೆ ಈ ಬರಹವನ್ನು ಡಿಎನ್‌ಎಗೆ ಇಳಿಸಿಕೊಂಡು, ಅದರ ಒಂದು ತುಣುಕನ್ನು ಹುಡುಕುತ್ತದೆ.

ಪ್ರಕೃತಿಯ ಬರಹ ಓದಲು ಬಂದ ಮೇಲೆ ನಮ್ಮದನ್ನೂ ಬರೆಯುವ ಆಸೆ ಹುಟ್ಟಿತು. 1980ರ ದಶಕದಲ್ಲಿ ಕಲಾವಿದ ಜೋ ಡೇವಿಸ್ 35 ಬಿಟ್‌ಗಳ (ಅಂದರೆ 0 ಅಥವಾ 1ರ 35 ಅಂಕಿಗಳ) ಪುಟ್ಟ ಚಿತ್ರವೊಂದನ್ನು ಡಿಎನ್‌ಎ ಮಾಡಿಸಿ ಬ್ಯಾಕ್ಟೀರಿಯಾದೊಳಗೆ ಇಟ್ಟರು. 2012ರಲ್ಲಿ ಹಾರ್ವರ್ಡ್‌ನ ಜಾರ್ಜ್ ಚರ್ಚ್ ತಂಡ ಒಂದು ಇಡೀ ಪುಸ್ತಕವನ್ನೇ ಬರೆಯಿತು. ಮರುವರ್ಷ ಇಂಗ್ಲೆಂಡಿನ ನಿಕ್ ಗೋಲ್ಡ್‌ಮನ್ ತಂಡ ಶೇಕ್ಸ್‌ಪಿಯರನ 154 ಸಾನೆಟ್‌ಗಳನ್ನು ಬರೆದು ಓದಿತು. 2017ರಲ್ಲಿ ಯಾನಿವ್ ಎರ್ಲಿಕ್ ಮತ್ತು ಡೀನಾ ಜೀಲಿನ್ಸ್ಕಿ ಒಂದು ಗ್ರಾಂಗೆ 215 ಪೆಟಾಬೈಟ್ ಲೆಕ್ಕದ ಸಾಂದ್ರತೆ ಮುಟ್ಟಿದರು. ಅಂದರೆ 21.5 ಕೋಟಿ ಜಿಬಿ. ಖರ್ಚು ಮಾತ್ರ ಕೇಳಬೇಡಿ. 2013ರಲ್ಲಿ ಗೋಲ್ಡ್‌ಮನ್ ತಂಡದ ಅಂದಾಜಿನಲ್ಲಿ ಒಂದು ಮೆಗಾಬೈಟ್ ಬರೆಯಲು 12,400 ಡಾಲರ್ ಆಗುತ್ತಿತ್ತು.

ಬಾಳಿಕೆಗೂ ಷರತ್ತಿದೆ. ಹತ್ತು ಲಕ್ಷ ವರ್ಷಕ್ಕೂ ಹಳೆಯ ಮ್ಯಾಮತ್ ಆನೆಯ ಡಿಎನ್‌ಎ ಸಿಕ್ಕಿದ್ದು ಸೈಬೀರಿಯಾದ ಹಿಮನೆಲದಲ್ಲಿ. ನೀರಿನ ಅಂಶ ತಾಗಿದರೆ ಈ ಸರಪಳಿ ನಿಧಾನಕ್ಕೆ ತುಂಡಾಗುತ್ತದೆ. ವರ್ಷಕ್ಕೆ 7,000 ಮಿಲಿಮೀಟರ್ ದಾಟುವ ಆಗುಂಬೆ ಮಳೆಯಲ್ಲಿ ಓಲೆಗರಿಗೆ ಇರುವ ಶತ್ರುವೇ ಇದಕ್ಕೂ. ಹಾಗಾಗಿ 2015ರಲ್ಲಿ ಜ್ಯೂರಿಕ್‌ನ ರಾಬರ್ಟ್ ಗ್ರಾಸ್ ತಂಡ ಡಿಎನ್‌ಎಯನ್ನು ಗಾಜಿನಂಥ ಸಿಲಿಕಾ ಕಣಗಳೊಳಗೆ ಮುಚ್ಚಿಟ್ಟಿತು.

ಇಷ್ಟೆಲ್ಲ ಆದರೂ ಓದುವ ಸಮಸ್ಯೆ ಅಲ್ಲೇ ಇದೆ. ನಮ್ಮ 'ಅ' ಅಕ್ಷರವನ್ನೇ ತೆಗೆದುಕೊಳ್ಳಿ. ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯೂನಿಕೋಡ್ ಪಟ್ಟಿಯಲ್ಲಿ ಅದು 0000110010000101. ಎರಡೆರಡು ಬಿಟ್ ಸೇರಿಸಿ 00 ಅಂದರೆ ಎ, 01 ಸಿ, 10 ಜಿ, 11 ಟಿ ಎಂದು ಬರೆದರೆ ಎಎಟಿಎಜಿಎಸಿಸಿ ಬರುತ್ತದೆ. ಇದನ್ನೇ ಚರ್ಚ್ ತಂಡದ ಕ್ರಮದಲ್ಲಿ ಓದಿ ನೋಡಿ. ಅಲ್ಲಿ ಎ, ಸಿ ಎರಡೂ 0. ಜಿ, ಟಿ ಎರಡೂ 1. ಆಗ 00101000 ಸಿಗುತ್ತದೆ. ಕಂಪ್ಯೂಟರಿಗೆ ಅದು ಒಂದು ಆವರಣ ಚಿಹ್ನೆ, ಅಷ್ಟೆ. 'ಅ' ಹೋಯಿತು.

ವೈದ್ಯಕೀಯ ಇರುವ ತನಕ ಡಿಎನ್‌ಎ ಓದುವ ಯಂತ್ರ ಇದ್ದೇ ಇರುತ್ತದೆ ಎಂಬುದು ಈ ತಂತ್ರದ ಬೆಂಬಲಿಗರ ವಾದ. ಒಪ್ಪಬಹುದಾದ ಮಾತೇ. ಆದರೆ ಯಂತ್ರ ಕೊಡುವುದು ಅಕ್ಷರಗಳನ್ನು. ಜೀವಿಗಳ ಕೋಷ್ಟಕ ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ, ಕಳೆದರೂ ಮತ್ತೆ ಪ್ರಯೋಗ ಮಾಡಿ ಕಂಡುಕೊಳ್ಳಬಹುದು. ನಾವು ಮಾಡಿಕೊಂಡ ಕೋಷ್ಟಕ ತಂಡಕ್ಕೊಂದು. ಕಳೆದರೆ ಯಾವ ಜೀವಕೋಶವೂ ಹೇಳಿಕೊಡುವುದಿಲ್ಲ.

ಕಂಪನಿಗಳಿಗೂ ಇದು ಗೊತ್ತಾಗಿದೆ. ಮೈಕ್ರೋಸಾಫ್ಟ್, ಡಿಎನ್‌ಎ ಓದುವ ಯಂತ್ರ ಮಾಡುವ ಇಲುಮಿನಾ ಮೊದಲಾದವು 2020ರಲ್ಲಿ ಕಟ್ಟಿಕೊಂಡ ಒಕ್ಕೂಟ 2024ರಲ್ಲಿ ಒಂದು ನಿಯಮ ಹೊರಡಿಸಿತು. ಡಿಎನ್‌ಎ ಸಂಗ್ರಹದ ಮೊದಲ ಭಾಗದಲ್ಲೇ ತಯಾರಿಸಿದವರು ಯಾರು, ಯಾವ ಸಂಕೇತ ಕ್ರಮ ಬಳಸಿದ್ದಾರೆ ಎಂಬ ಕನಿಷ್ಠ ಗುರುತು ಇರಬೇಕು ಎಂದು. ಅದಕ್ಕೆ 'ಸೆಕ್ಟರ್ ಝೀರೋ' ಎಂದು ಹೆಸರು. ಆ ಗುರುತನ್ನು ಬಿಡಿಸುವ ಬಗೆ ಬೇಕಿದ್ದರೆ ಸದ್ಯಕ್ಕೆ ಇಂಟರ್ನೆಟ್‌ನಿಂದ ಡೌನ್‌ಲೋಡ್ ಮಾಡಿಕೊಳ್ಳಬೇಕು.