ಮುಳುಗಡೆ, ಮುಪ್ಪು, ಆರೋಗ್ಯ: ಶರಾವತಿ ಕಡೆಯವರಿಗೆ ಕೆಲವು ಟಿಪ್ಪಣಿಗಳು

ಸಮಾಜಶಾಸ್ತ್ರ ಎಂ.ಎ. ಓದುವ ನಾವು ನಿರಾಶ್ರಿತರ ಏಕೀಕರಣವನ್ನು, ಅಂದರೆ ಬಂದವರು ಹೊಸ ಸಮಾಜದಲ್ಲಿ ಬೆರೆಯುವ ಬಗೆಯನ್ನು, ಒಂದು ಘಟಕದಲ್ಲಿ ಓದುತ್ತೇವೆ, ಇಳಿವಯಸ್ಸಿನ ಆರೋಗ್ಯ ಅಸಮಾನತೆಯನ್ನು ಇನ್ನೊಂದರಲ್ಲಿ. ಎರಡನ್ನೂ ಕೂಡಿಸಿದಾಗ ಏಳುವ ಪ್ರಶ್ನೆ ಇದು: ಊರು ಕಳೆದುಕೊಂಡವರಿಗೆ ಹೊಸ ಜಾಗದಲ್ಲಿ ಭಾಷೆ, ಪೌರತ್ವ, ದುಡಿಮೆ ಎಲ್ಲ ಇದ್ದೂ, ಅರವತ್ತು ವರ್ಷದ ಮೇಲೆ ಅವರ ಮುಪ್ಪು ಅಕ್ಕಪಕ್ಕದವರ ಮುಪ್ಪಿನ ಹಾಗೆಯೇ ಇರುತ್ತದೆಯೇ? ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಊರುಗಳು ಮುಳುಗಿದ ಸಾಗರ, ಹೊಸನಗರದ ಕಡೆಯಿಂದ ಬಂದವರಿಗೆ ಇದು ಮನೆ ಅಂಗಳದ ಪ್ರಶ್ನೆ.

ಮೊದಲು ಕಾನೂನು, ಚುಟುಕಾಗಿ. 1951ರ ಒಡಂಬಡಿಕೆಯ ಪ್ರಕಾರ ಕಿರುಕುಳದ ಭಯದಿಂದ ದೇಶದ ಗಡಿ ದಾಟಿದವರು ನಿರಾಶ್ರಿತರು. ಭಾರತ ಅದಕ್ಕೂ ಸಹಿ ಹಾಕಿಲ್ಲ, 1967ರ ಪ್ರೋಟೊಕಾಲ್‌ಗೂ ಹಾಕಿಲ್ಲ. ದೇಶದೊಳಗೇ ಎತ್ತಂಗಡಿಯಾದವರಿಗೆ ಸಂಬಂಧಿಸಿದ್ದು ವಿಶ್ವಸಂಸ್ಥೆಯ 1998ರ ಮಾರ್ಗದರ್ಶಿ ತತ್ವಗಳು. ಆದ್ದರಿಂದ ಲಿಂಗನಮಕ್ಕಿಯ ಮುಳುಗಡೆ ಸಂತ್ರಸ್ತರನ್ನು ಉತ್ತರಪತ್ರಿಕೆಯಲ್ಲಿ ನಿರಾಶ್ರಿತರು ಎಂದು ಬರೆದರೆ ಅಂಕ ಹೋಗುತ್ತದೆ. ಆದರೆ ಇಬ್ಬರನ್ನೂ ಅಕ್ಕಪಕ್ಕ ಇಟ್ಟು ನೋಡುವುದಕ್ಕೆ ಯಾವ ಅಡ್ಡಿಯೂ ಇಲ್ಲ.

ಏಕೀಕರಣಕ್ಕೆ ಎಲ್ಲರೂ ಉಲ್ಲೇಖಿಸುವುದು ಸಂಶೋಧಕರಾದ ಏಗರ್ ಮತ್ತು ಸ್ಟ್ರ್ಯಾಂಗ್ 2008ರಲ್ಲಿ ಮಂಡಿಸಿದ ಹತ್ತು ಅಂಶಗಳ ಚೌಕಟ್ಟು. ತಳದಲ್ಲಿ ಹಕ್ಕು ಮತ್ತು ಪೌರತ್ವ. ಅದರ ಮೇಲೆ ಭಾಷೆ, ಸುರಕ್ಷತೆ. ನಂತರ ಮೂರು ಬಗೆಯ ಸಾಮಾಜಿಕ ನಂಟು. ಮೇಲ್ಗಡೆ ಉದ್ಯೋಗ, ವಸತಿ, ಶಿಕ್ಷಣ, ಆರೋಗ್ಯ. ಇದನ್ನು ಬಾಯಿಪಾಠ ಮಾಡಿದರೆ ಸಾಕು, ಚಿತ್ರ ಬರೆದರೆ ಇನ್ನೂ ಒಳ್ಳೆಯದು. ನನ್ನ ತಕರಾರು ಒಂದೇ: ಈ ಚಿತ್ರದಲ್ಲಿ ಕಾಲಕ್ಕೆ ಜಾಗವೇ ಇಲ್ಲ. ಬಂದವರು ಎಷ್ಟನೇ ವಯಸ್ಸಿನಲ್ಲಿ ಬಂದರು, ಬಂದು ಎಷ್ಟು ವರ್ಷವಾಯಿತು ಎಂಬುದನ್ನು ಅದು ಕೇಳುವುದಿಲ್ಲ.

ಕಾಲವನ್ನು ತಂದುಕೊಡುವುದು ಜೀವನಪಥ ದೃಷ್ಟಿಕೋನ, ಅಂದರೆ ಬಾಲ್ಯದಿಂದ ಮುಪ್ಪಿನವರೆಗಿನ ಬದುಕನ್ನು ಒಂದೇ ಎಳೆಯಾಗಿ ನೋಡುವ ಬಗೆ. ಇದ್ದವರಿಗೆ ಇನ್ನಷ್ಟು ಸೇರುತ್ತದೆ, ಇಲ್ಲದವರಿಂದ ಇದ್ದದ್ದೂ ಜಾರುತ್ತದೆ ಎಂದು ಸಮಾಜಶಾಸ್ತ್ರಜ್ಞ ಮರ್ಟನ್ 1968ರಲ್ಲಿ ವಿಜ್ಞಾನಿಗಳ ಕೀರ್ತಿಯ ಬಗ್ಗೆ ಬರೆದಿದ್ದರು. ಅದನ್ನು ಮುಪ್ಪಿನ ಅಧ್ಯಯನಕ್ಕೆ ಒಗ್ಗಿಸಿ ಬೆಳೆಸಿದವರಲ್ಲಿ ಡ್ಯಾನೆಫರ್ ಮುಖ್ಯರು. ಇದೇ ಸಂಚಿತ ಅನನುಕೂಲದ ವಾದ. ಮುಪ್ಪು ಎಲ್ಲರನ್ನೂ ಒಂದೇ ಮಟ್ಟಕ್ಕೆ ತರುತ್ತದೆ ಎಂಬ ಎದುರು ವಾದವೂ ಇದೆ. ಅದರ ಕಥೆ ಮುಂದೆ ಬರುತ್ತದೆ.

ಇಲ್ಲಿ ಜರ್ಮನಿಯ ಉದಾಹರಣೆ ಬಿಡಲೇಬಾರದು. ಎರಡನೇ ಮಹಾಯುದ್ಧದ ಕೊನೆಗೆ ಪೂರ್ವ ಯುರೋಪಿನಿಂದ ಸುಮಾರು 1.2 ಕೋಟಿ ಜರ್ಮನ್ನರನ್ನು ಹೊರದಬ್ಬಲಾಯಿತು. ಪಶ್ಚಿಮ ಜರ್ಮನಿಗೆ ಬಂದವರಿಗೆ ಭಾಷೆ ಅದೇ, ಪೌರತ್ವವೂ ಸಿಕ್ಕಿತು. 1952ರಲ್ಲಿ ನಷ್ಟ ಹಂಚಿಕೊಳ್ಳುವ ಕಾನೂನೂ ಬಂತು. ಹಾಗಿದ್ದೂ, ಪಿಂಚಣಿ ದಾಖಲೆಗಳನ್ನು ಜಾಲಾಡಿದ ಸಂಶೋಧಕರಿಗೆ ಕಂಡದ್ದು, ಇಳಿವಯಸ್ಸಿನಲ್ಲಿ ಇವರ ಸಾವಿನ ಪ್ರಮಾಣ ಸ್ಥಳೀಯರಿಗಿಂತ ಹೆಚ್ಚು ಎಂಬುದು. ತಾವಾಗಿ ವಲಸೆ ಹೋಗುವವರಲ್ಲಿ ಇದಕ್ಕೆ ವಿರುದ್ಧ: ಗಟ್ಟಿಮುಟ್ಟಾದವರೇ ಹೊರಡುವುದರಿಂದ ಮೊದಮೊದಲು ಅವರ ಆರೋಗ್ಯ ಸ್ಥಳೀಯರಿಗಿಂತ ಚೆನ್ನಾಗಿ ಕಾಣುತ್ತದೆ. ಊರಿಗೆ ಊರೇ ಏಳಬೇಕಾದಾಗ ಬಾಣಂತಿಯೂ ಹೊರಡಬೇಕು, ಹಾಸಿಗೆ ಹಿಡಿದವರೂ ಹೊರಡಬೇಕು.

ಶರಾವತಿಯ ಲೆಕ್ಕವೂ ಹಾಗೆಯೇ. 1964ರಲ್ಲಿ ಲಿಂಗನಮಕ್ಕಿ ಮುಗಿಯುವ ಹೊತ್ತಿಗೆ ಎದ್ದವರು ಅದೇ ಜಿಲ್ಲೆಯವರು, ಅದೇ ಕನ್ನಡದವರು, ಮತ ಹಾಕುವ ಪ್ರಜೆಗಳು. ಭಾಷೆ, ಪೌರತ್ವದ ಅಂಕಣಗಳಲ್ಲಿ ಪೂರ್ತಿ ಅಂಕ. ಕಳೆದದ್ದು ಏನು ಎಂಬುದಕ್ಕೆ, ಎತ್ತಂಗಡಿಯಾದವರ ಬಗ್ಗೆ ಅಧ್ಯಯನ ಮಾಡಿದ ಸೆರ್ನಿಯಾ ಪಟ್ಟಿ ಮಾಡಿದ ಎಂಟು ಅಪಾಯಗಳನ್ನು ನೋಡಿ. ಅದರಲ್ಲಿ ಸಾಮೂಹಿಕ ಸಂಪತ್ತಿನ ನಷ್ಟ ಎಂಬುದಕ್ಕೆ ನಮ್ಮ ಕಡೆ ಸೊಪ್ಪಿನಬೆಟ್ಟ, ಗೋಮಾಳ ಎಂದು ಬರೆದುಕೊಳ್ಳಿ. ಅದಕ್ಕಿಂತ ದೊಡ್ಡದು ಕಾಗದ. ಪುನರ್ವಸತಿಗೆ ಕೊಟ್ಟ ಕಾಡಿನ ಜಾಗ ಸರಿಯಾಗಿ ಕಂದಾಯಕ್ಕೆ ಬರಲಿಲ್ಲ. 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಗಂಟು ಇನ್ನೂ ಬಿಗಿಯಾಯಿತು. ಹಕ್ಕುಪತ್ರದ ಜಗಳ ಇವತ್ತಿಗೂ ಮುಗಿದಿಲ್ಲ.

ಹಕ್ಕುಪತ್ರಕ್ಕೂ ಎಪ್ಪತ್ತರ ಅಜ್ಜನ ಬಿಪಿಗೂ ಏನು ಸಂಬಂಧ ಎಂದು ಕೇಳಿದರೆ, ದಾರಿ ಹೀಗಿದೆ. ಪಹಣಿಯಲ್ಲಿ ಹೆಸರಿಲ್ಲದಿದ್ದರೆ ಸೊಸೈಟಿಯ ಬೆಳೆಸಾಲ ಸಿಗುವುದಿಲ್ಲ. ಸಾಲವಿಲ್ಲದಿದ್ದರೆ ಕೈಗಡ, ಇಲ್ಲವೇ ಬರುವ ಅಡಿಕೆಯ ಮೇಲೆ ಮಂಡಿಯಲ್ಲಿ ಮುಂಗಡ. ಮನೆಯಲ್ಲಿ ಯಾರಾದರೂ ಕಾಯಿಲೆ ಬಿದ್ದು ಮಲಗಿದರೆ ಮೊದಲು ನಿಲ್ಲುವುದು ಹಿರಿಯರ ಗುಳಿಗೆ. "ಈ ತಿಂಗಳು ಬೇಡ, ಆರಾಮಿದ್ದೀನಿ" ಎನ್ನುವ ಮಾತು ಯಾವ ಸರ್ವೆಯಲ್ಲೂ ಆಯ್ಕೆಯ ಉತ್ತರವಾಗಿ ಇರುವುದಿಲ್ಲ.

ಈಗ ಯೋಜನಾ ವರದಿ ಬರೆಯುವವರು ಜೋಪಾನವಾಗಿ ನೋಡಬೇಕಾದ ಜಾಗ. 1964ರಲ್ಲಿ ಮೂವತ್ತು ವರ್ಷದವರಾಗಿದ್ದು, ಮನೆ ಬಿಚ್ಚಿ ತೊಲೆ ಹೊತ್ತು ತಂದವರು ಇವತ್ತು ಇದ್ದರೆ ತೊಂಬತ್ತು ದಾಟಿರಬೇಕು. ನಮಗೆ ಸಂದರ್ಶನಕ್ಕೆ ಸಿಗುವ ಎಪ್ಪತ್ತರ ಆಸುಪಾಸಿನವರು ಆಗ ಮಕ್ಕಳು. ಹೆಚ್ಚು ಪೆಟ್ಟು ತಿಂದವರು ನಮ್ಮ ಸ್ಯಾಂಪಲ್‌ಗೆ ಬರುವ ಮೊದಲೇ ಹೋಗಿರುತ್ತಾರೆ, ಉಳಿದವರು ಗಟ್ಟಿಗರು. ಈ ಉಳಿದವರನ್ನು ಪಕ್ಕದ ಊರಿನ ಹಿರಿಯರೊಂದಿಗೆ ಹೋಲಿಸಿ "ವ್ಯತ್ಯಾಸವಿಲ್ಲ" ಎಂದು ಬರೆದರೆ, ಮುಪ್ಪು ಎಲ್ಲರನ್ನೂ ಸಮ ಮಾಡಿತು ಎಂಬ ವಾದಕ್ಕೆ ಸುಳ್ಳು ಸಾಕ್ಷಿ ಒದಗಿಸಿದಂತೆ. ಉಪಾಯವೆಂದರೆ ಇರುವವರನ್ನಷ್ಟೇ ಎಣಿಸದೆ, ಪ್ರತಿ ಮನೆಯಲ್ಲೂ ಅಪ್ಪ, ಅಮ್ಮ, ಅಜ್ಜ, ಅಜ್ಜಿ ಎಷ್ಟನೇ ವಯಸ್ಸಿನಲ್ಲಿ ತೀರಿಕೊಂಡರು ಎಂದು ಕೇಳುವುದು.

ವರದಿ ಬರೆಯುವವರು ಎಡವುವ ಎರಡನೇ ಗುಂಡಿ, ಬಾಯಿಮಾತಿನ ಆರೋಗ್ಯ. ಹಿನ್ನೀರಿನ ಕಡೆಯ ಒಬ್ಬ ಅಜ್ಜಿಯನ್ನು ಪ್ರಶ್ನಾವಳಿ ಹಿಡಿದು "ಏನಾದ್ರೂ ಕಾಯಿಲೆ ಇದೆಯಾ ಅಜ್ಜಿ" ಎಂದು ಕೇಳಿದರೆ, ಮಂಡಿ ನೀವಿಕೊಳ್ಳುತ್ತಲೇ "ಎಂತದೂ ಇಲ್ಲ ತಮಾ" ಎಂದರು. ಮಂಡಿ? "ವಯಸ್ಸಾಯ್ತಲ, ನೋಯ್ದೆ ಇರ್ತದಾ? ಅದೆಂತ ಕಾಯ್ಲೆ!" ನಮೂನೆಯಲ್ಲಿ ಬಿದ್ದದ್ದು "ಇಲ್ಲ". ಅಮರ್ತ್ಯ ಸೇನ್ 2002ರಲ್ಲಿ ಎತ್ತಿ ತೋರಿಸಿದ್ದು ಇದನ್ನೇ: ಆಯಸ್ಸು ಹೆಚ್ಚಿರುವ ಕೇರಳದಲ್ಲಿ ಕಾಯಿಲೆ ಇದೆ ಎನ್ನುವವರು ಹೆಚ್ಚು, ಬಿಹಾರದಲ್ಲಿ ಕಡಿಮೆ. ಆಸ್ಪತ್ರೆ ದೂರವಾದಷ್ಟೂ ಕಾಗದದ ಮೇಲೆ ಜನ ಆರೋಗ್ಯವಂತರು. ಅದಕ್ಕೇ ಭಾರತದ ದೀರ್ಘಾವಧಿ ವೃದ್ಧಾಪ್ಯ ಸಮೀಕ್ಷೆ, ಅಂದರೆ ಲಾಸಿ, 2017-18ರ ಮೊದಲ ಸುತ್ತಿನಲ್ಲಿ 45 ದಾಟಿದ ಸುಮಾರು 72 ಸಾವಿರ ಜನರನ್ನು ಬರೀ ಕೇಳದೆ ಬಿಪಿಯನ್ನೂ ಅಳೆಯಿತು. ನಮ್ಮ ಚಿಕ್ಕ ಯೋಜನೆಗೂ ಒಂದು ಬಿಪಿ ಮಿಷನ್ ಜೊತೆಗಿರಲಿ. ಕೇಳಿದ್ದಕ್ಕೂ ಅಳೆದದ್ದಕ್ಕೂ ಇರುವ ಅಂತರವೇ ಒಂದು ಅಧ್ಯಾಯ ಆದೀತು.

ನಿಜವಾದ ನಿರಾಶ್ರಿತರನ್ನು ಹೋಲಿಕೆಗೆ ಬೇಕೆಂದರೆ ದೂರ ಹೋಗಬೇಕಿಲ್ಲ, ಶಿರಸಿ ದಾಟಿದರೆ ಮುಂಡಗೋಡ. ಅಲ್ಲಿಯ ಟಿಬೆಟನ್ ವಸತಿ 1966ರದ್ದು. ಪೌರತ್ವ ಕಾನೂನಿನಂತೆ 1950ರ ಜನವರಿ 26ರಿಂದ 1987ರ ಜುಲೈ 1ರ ಮೊದಲು ಇಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪ್ರಜೆಗಳು. ಹಾಗಾಗಿ ಒಂದೇ ಮನೆಯಲ್ಲಿ, ಟಿಬೆಟ್‌ನಲ್ಲಿ ಹುಟ್ಟಿದ ಅಜ್ಜನಿಗೆ ಇಲ್ಲದ ಹಕ್ಕು ಇಲ್ಲಿ ಹುಟ್ಟಿದ ಮಗನಿಗೆ ಇದೆ. ಮೊಮ್ಮಕ್ಕಳು ವಿದೇಶದ ದಾರಿ ಹಿಡಿದಿರುವುದೂ ಉಂಟು. ಏಗರ್, ಸ್ಟ್ರ್ಯಾಂಗ್ ಚಿತ್ರದ ತಳಪಾಯ ವಯಸ್ಸಿಗೆ ತಕ್ಕಂತೆ ಬದಲಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಚೊಕ್ಕ ಉದಾಹರಣೆ ನನಗೆ ಸಿಕ್ಕಿಲ್ಲ.

ಕಾರಣ ಯಾವುದು, ಬರೀ ಜೊತೆಗೆ ಬಂದದ್ದು ಯಾವುದು ಎಂದು ಬಿಡಿಸುವುದು ಕಷ್ಟ. ಸ್ವೀಡನ್‌ನಲ್ಲಿ ಆಕಸ್ಮಿಕವಾಗಿ ದಾರಿ ಸಿಕ್ಕಿತು: 1987ರಿಂದ 1991ರ ನಡುವೆ ಬಂದ ನಿರಾಶ್ರಿತರು ಎಲ್ಲಿ ನೆಲೆಸಬೇಕೆಂದು ಸರ್ಕಾರವೇ ಗೊತ್ತುಮಾಡುತ್ತಿತ್ತು. 61 ಸಾವಿರಕ್ಕೂ ಹೆಚ್ಚು ಜನರ ದಾಖಲೆ ನೋಡಿದಾಗ, ಬಡ ಬಡಾವಣೆಗಳಿಗೆ ಬಿದ್ದವರಲ್ಲಿ ಮುಂದೆ ಸಕ್ಕರೆ ಕಾಯಿಲೆ ಹೆಚ್ಚು ಕಂಡಿತು. ಜಾಗವನ್ನು ಅವರು ಆರಿಸಿಕೊಂಡಿರಲಿಲ್ಲವಾದ್ದರಿಂದ ತರ್ಕಕ್ಕೆ ಬಲವಿದೆ.

ನಮ್ಮಲ್ಲೂ ಅಂಥದ್ದೊಂದು ಈಗಷ್ಟೇ ನಡೆದಿದೆ. ಹಿನ್ನೀರಿನ ಆಚೆ ಬದಿಯ ತುಮರಿ ಕಡೆಯವರಿಗೆ ಸಾಗರದ ಆಸ್ಪತ್ರೆಗೆ ಲಾಂಚೇ ಗತಿಯಾಗಿತ್ತು, ಕತ್ತಲಾದ ಮೇಲೆ ಸುತ್ತುಬಳಸಿನ ದಾರಿ. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ತೆರೆಯಿತು. ಜನ ಅವರೇ, ಹಕ್ಕುಪತ್ರದ ಸ್ಥಿತಿ ಅದೇ, ಬದಲಾದದ್ದು ದಾರಿ ಮಾತ್ರ. ಸೇತುವೆಗೆ ಮೊದಲಿನ ಅಳತೆ ನಮ್ಮ ಕೈಯಲ್ಲಿ ಇಲ್ಲದಿದ್ದರೂ, ಮನೆಯ ಸೂರಿಗೆ ಸಿಕ್ಕಿಸಿಟ್ಟ ಹಳೆಯ ಡಿಸ್ಚಾರ್ಜ್ ಕಾರ್ಡ್, ಔಷಧಿ ಚೀಟಿಗಳಲ್ಲಿ ತಾರೀಕು ಇರುತ್ತದೆ. ಕೇಳಿದರೆ ತೆಗೆದು ತೋರಿಸುತ್ತಾರೆ; ಒಪ್ಪಿಗೆ ಪಡೆದು, ಹೆಸರು ಬಿಟ್ಟು, ತಾರೀಕು ಮತ್ತು ಕಾಯಿಲೆ ಮಾತ್ರ ಬರೆದುಕೊಳ್ಳಿ.