ಯೆನೂಫಾದಲ್ಲಿ ಕೈಯಾಡಿಸಿದ್ದು ಯಾರು?

ಚೆಕ್ ಸಂಗೀತಗಾರ ಲಿಯೋಶ್ ಯಾನಾಚೆಕ್ ಹೆಸರು ಕೇಳಿದರೆ ಒಪೆರಾ ಪ್ರಿಯರಿಗೆ ಮೊದಲು ನೆನಪಾಗುವುದು ‘ಯೆನೂಫಾ’ ಎಂಬ ಒಪೆರಾ, ಅಂದರೆ ಹಾಡಿನಲ್ಲೇ ಸಾಗುವ ನಾಟಕ. ಆದರೆ ಜಗತ್ತು ದಶಕಗಟ್ಟಲೆ ಕೇಳಿದ ಯೆನೂಫಾ ಪೂರ್ತಿ ಅವನದಾಗಿರಲಿಲ್ಲ. ಅದರಲ್ಲಿ ಇನ್ನೊಬ್ಬರ ಕೈ ಜೋರಾಗಿಯೇ ಆಡಿತ್ತು. ಆ ಕೈ ಎಲ್ಲೆಲ್ಲಿ ಆಡಿದೆ ಎಂದು ಪತ್ತೆ ಹಚ್ಚಿದವರಲ್ಲಿ ಮುಖ್ಯರು ಸಂಗೀತ ವಿದ್ವಾಂಸ ಜಾನ್ ಟಿರೆಲ್. ಸುಮಾರು ಐವತ್ತು ವರ್ಷ ಅವರು ಹಿಡಿದದ್ದು ಈ ಒಬ್ಬನೇ ಸಂಗೀತಗಾರನ ಬೆನ್ನು.

ಕಥೆ ಶುರುವಾಗುವುದು ಒಂದು ವಿಮರ್ಶೆಯಿಂದ. 1887ರಲ್ಲಿ ಕಾರೆಲ್ ಕೊವಾರ್ಜೋವಿಟ್ಸ್ ಎಂಬವನ ಒಪೆರಾ ಯಾನಾಚೆಕ್ ಇದ್ದ ಬ್ರನೋ ನಗರದಲ್ಲಿ ನಡೆಯಿತು. ಯಾನಾಚೆಕ್ ಅದನ್ನು ಪತ್ರಿಕೆಯಲ್ಲಿ ಚೆನ್ನಾಗಿ ಗೇಲಿ ಮಾಡಿದ. ಮುಂದೆ 1900ರಲ್ಲಿ ಅದೇ ಕೊವಾರ್ಜೋವಿಟ್ಸ್ ಪ್ರಾಗ್‌ನ ರಾಷ್ಟ್ರೀಯ ರಂಗಮಂದಿರದಲ್ಲಿ ಒಪೆರಾ ವಿಭಾಗದ ಮುಖ್ಯಸ್ಥನಾದ. ಯಾನಾಚೆಕ್ 1903ರಲ್ಲಿ ಅಲ್ಲಿಗೆ ಯೆನೂಫಾ ಕಳಿಸಿದಾಗ ಬಂದದ್ದು ‘ಬೇಡ’ ಎಂಬ ಉತ್ತರ. ಹಳೇ ಬೈಗುಳ ಅಷ್ಟು ಸುಲಭಕ್ಕೆ ಮರೆಯೋದಿಲ್ಲ, ಅಲ್ವಾ?

ಅದೇ ವರ್ಷ ಫೆಬ್ರವರಿಯಲ್ಲಿ ಯಾನಾಚೆಕ್‌ನ ಮಗಳು ಓಲ್ಗಾ ತೀರಿಕೊಂಡಿದ್ದಳು. ಮಗ ಚಿಕ್ಕವನಿದ್ದಾಗಲೇ ಹೋಗಿದ್ದ. ಯೆನೂಫಾ ಓಲ್ಗಾ ನೆನಪಿಗೆ ಅರ್ಪಣೆಯಾಯಿತು. 1904ರ ಜನವರಿ 21ರಂದು ಬ್ರನೋದ ಸಣ್ಣ ರಂಗಮಂದಿರದಲ್ಲಿ ಮೊದಲ ಪ್ರದರ್ಶನ. ಊರಿನವರು ಮೆಚ್ಚಿದರು. ಪ್ರಾಗ್ ಮಾತ್ರ ಇನ್ನೂ 12 ವರ್ಷ ಬಾಗಿಲು ತೆರೆಯಲಿಲ್ಲ.

ಕೊನೆಗೆ ಹಿತೈಷಿಗಳು ಬೆನ್ನು ಬಿದ್ದು ಕೊವಾರ್ಜೋವಿಟ್ಸ್‌ನನ್ನು ಒಪ್ಪಿಸಿದರು. ಅವನ ಷರತ್ತು: ನಾನು ತಿದ್ದುತ್ತೇನೆ. ಯಾನಾಚೆಕ್ ಹೂಂ ಎಂದ. ಹೆಚ್ಚುಕಮ್ಮಿ 62 ವರ್ಷದವನು, ಬೇರೆ ದಾರಿ ಏನಿತ್ತು? 1916ರ ಮೇ 26ರಂದು ಪ್ರಾಗ್‌ನಲ್ಲಿ ಯೆನೂಫಾ ಗೆದ್ದಿತು. 1918ರಲ್ಲಿ ವಿಯೆನ್ನಾಕ್ಕೆ ಹೋಯಿತು. ಲೇಖಕ ಮ್ಯಾಕ್ಸ್ ಬ್ರಾಡ್ ಅದನ್ನು ಜರ್ಮನ್‌ಗೆ ತಂದ, ವಿಯೆನ್ನಾದ ಯೂನಿವರ್ಸಲ್ ಎಡಿಷನ್ ಅಚ್ಚು ಹಾಕಿತು. ಅಚ್ಚಾದದ್ದು ತಿದ್ದಿದ ಪ್ರತಿ. ಊರೂರಿಗೆ ಹೋದದ್ದೂ ಅದೇ.

ತಿದ್ದಿದ್ದು ಏನನ್ನು? ಯಾನಾಚೆಕ್‌ನ ವಾದ್ಯಸಂಯೋಜನೆ ಒರಟು. ಮೇಲೆ ಕೀರಲು, ಕೆಳಗೆ ಗಡಸು, ನಡುವೆ ಕೆಲವೊಮ್ಮೆ ಖಾಲಿ. ಆ ಖಾಲಿ ಜಾಗವನ್ನು ಕೊವಾರ್ಜೋವಿಟ್ಸ್ ತುಂಬಿದ, ಒರಟನ್ನು ನಯ ಮಾಡಿದ, ಅಲ್ಲಲ್ಲಿ ಕತ್ತರಿ ಆಡಿಸಿದ. ಕೊನೆಯ ದೃಶ್ಯವನ್ನು ಕಹಳೆಗಳಿಂದ ಮೆರೆಸಿಬಿಟ್ಟ. ಕೇಳಲು ಅದು ಚೆಂದವೇ, ಸುಳ್ಳು ಹೇಳಬಾರದು. ಆದರೆ ನಾಯಕಿ ಯೆನೂಫಾಳ ಮಗುವನ್ನು ಅವಳ ಸಾಕುತಾಯಿಯೇ ಹಿಮದಡಿಯ ನೀರಿಗೆ ಹಾಕಿ ಕೊಂದ ಕಥೆಗೆ ಅಷ್ಟು ಮೆರವಣಿಗೆ ಜಾಸ್ತಿಯಾಯಿತು ಎಂದು ನನಗನಿಸುತ್ತದೆ.

ಒರಟುತನಕ್ಕೆ ಕಾರಣವಿತ್ತು. ಯಾನಾಚೆಕ್ ಜನ ಮಾತಾಡುವಾಗಿನ ಏರಿಳಿತವನ್ನು ಸ್ವರಲಿಪಿಯಲ್ಲಿ ಬರೆದುಕೊಳ್ಳುತ್ತಿದ್ದ. ಸಂತೆ, ರೈಲು ನಿಲ್ದಾಣ, ಎಲ್ಲೆಂದರಲ್ಲಿ. ಸಾಯುತ್ತಿದ್ದ ಮಗಳ ಮಾತನ್ನೂ ಹಾಗೇ ಬರೆದಿಟ್ಟ. ‘ಯಾಕೆ ರಾಗ ಎಳೀತೀಯ’ ಎಂದು ನಾವು ಗದರುತ್ತೇವಲ್ಲ, ಅವನಿಗೆ ಬೇಕಿದ್ದದ್ದು ಆ ರಾಗವೇ. ಹಾಗೆ ಹುಟ್ಟಿದ ಸಂಗೀತವನ್ನು ಇಸ್ತ್ರಿ ಮಾಡಿದರೆ ಮಾತು ಹೋಗಿ ಹಾಡಷ್ಟೇ ಉಳಿಯುತ್ತದೆ.

ಟಿರೆಲ್ ಹುಟ್ಟಿದ್ದು 1942ರಲ್ಲಿ, ಆಗಿನ ದಕ್ಷಿಣ ರೊಡೇಶಿಯಾದ ಸಾಲ್ಸ್‌ಬರಿಯಲ್ಲಿ, ಅಂದರೆ ಇಂದಿನ ಹರಾರೆಯಲ್ಲಿ. ಕೇಪ್‌ಟೌನ್, ಆಕ್ಸ್‌ಫರ್ಡ್, ಬ್ರನೋಗಳಲ್ಲಿ ಓದಿದರು. ಅವರ ಮುಂದಿದ್ದ ತೊಡಕು ಸಣ್ಣದಲ್ಲ. ಯೆನೂಫಾದ ತನ್ನ ಕೈಬರಹದ ಪ್ರತಿಯನ್ನು ಯಾನಾಚೆಕ್ ಸುಡಿಸಿಬಿಟ್ಟಿದ್ದ. ಉಳಿದದ್ದು ನಕಲುಗಾರ ಬರೆದ ಪ್ರತಿ, ಅದರ ಮೇಲೆ ಪದರ ಪದರವಾಗಿ ತಿದ್ದುಪಡಿ. ಯಾವ ಗೆರೆ ಯಾರದು, ಯಾವ ಕಾಲದ್ದು? ವಾದ್ಯವೃಂದ ನಿರ್ದೇಶಕ ಚಾರ್ಲ್ಸ್ ಮೆಕೆರಸ್ ಜೊತೆ ಸೇರಿ ಅವರು ಸಿದ್ಧಪಡಿಸಿದ 1908ರ ಬ್ರನೋ ಪಾಠ, ಅಂದರೆ ಕೊವಾರ್ಜೋವಿಟ್ಸ್ ಕೈಯಾಡಿಸುವ ಮುಂಚಿನ ರೂಪ, 1996ರಲ್ಲಿ ಅಚ್ಚಾಯಿತು. ಅಚ್ಚು ಹಾಕಿದ್ದು ಅದೇ ಯೂನಿವರ್ಸಲ್ ಎಡಿಷನ್!

ನಡುವೆ ನಾಟಿಂಗ್‌ಹ್ಯಾಮ್ ಮತ್ತು ಕಾರ್ಡಿಫ್‌ನಲ್ಲಿ ಪಾಠ ಹೇಳಿದರು. 29 ಸಂಪುಟಗಳ ನ್ಯೂ ಗ್ರೋವ್ ಸಂಗೀತ ನಿಘಂಟಿನ ಎರಡನೇ ಆವೃತ್ತಿಯ ಕಾರ್ಯನಿರ್ವಾಹಕ ಸಂಪಾದಕರೂ ಆಗಿದ್ದರು. ತನಗಿಂತ 37 ವರ್ಷ ಚಿಕ್ಕವಳಾದ, ಮದುವೆಯಾಗಿದ್ದ ಕಮಿಲಾ ಸ್ಟೋಸ್ಲೊವಾಗೆ ಯಾನಾಚೆಕ್ 700ಕ್ಕೂ ಹೆಚ್ಚು ಪತ್ರ ಬರೆದಿದ್ದ. ಅವುಗಳಿಂದ ಆರಿಸಿದ್ದನ್ನು ಟಿರೆಲ್ 1994ರಲ್ಲಿ ಇಂಗ್ಲಿಷ್‌ಗೆ ತಂದರು. ನನಗೆ ಇಷ್ಟವಾಗುವುದು ಅದರ ಮುಂದಿನ ಕೆಲಸ. ಯಾನಾಚೆಕ್‌ನ ಹೆಂಡತಿ ಜ್ಡೆಂಕಾ ಹೇಳಿ ಬರೆಸಿದ ನೆನಪುಗಳನ್ನೂ 1998ರಲ್ಲಿ ಅವರೇ ಅನುವಾದಿಸಿದರು. ಪ್ರೇಮಪತ್ರ ಓದಿದವರು ಮನೆಯಲ್ಲಿ ಕೂತಿದ್ದವಳ ಮಾತನ್ನೂ ಕೇಳಲಿ ಎಂಬಂತೆ. 2006 ಮತ್ತು 2007ರಲ್ಲಿ ಬಂದ ಜೀವನಚರಿತ್ರೆಯ ಎರಡು ಸಂಪುಟ ಸೇರಿದರೆ ಸುಮಾರು 2000 ಪುಟ.

ಯಾನಾಚೆಕ್‌ನ ಕೊನೆಯ ಒಪೆರಾ ‘ಸತ್ತವರ ಮನೆಯಿಂದ’. ಸೈಬೀರಿಯಾದ ಜೈಲಿನ ಕಥೆ. ಅಚ್ಚಿನ ಸ್ವರಹಾಳೆ ಬಿಟ್ಟು ಅವನು ಖಾಲಿ ಕಾಗದದ ಮೇಲೆ ತಾನೇ ಗೆರೆ ಎಳೆದು ಬರೆದಿದ್ದ, ನುಡಿಸುವ ವಾದ್ಯಕ್ಕೆ ಬೇಕಾದಷ್ಟೇ ಗೆರೆ. 1928ರ ಆಗಸ್ಟ್‌ನಲ್ಲಿ ಅವನು ತೀರಿಕೊಂಡ ಮೇಲೆ ಶಿಷ್ಯರು ಆ ತೆಳ್ಳನೆಯ ಹಾಳೆಗಳನ್ನು ನೋಡಿ ಕೆಲಸ ಅರ್ಧಕ್ಕೆ ನಿಂತಿದೆ ಎಂದುಕೊಂಡರು. ವಾದ್ಯ ತುಂಬಿದರು, ಕೊನೆಗೆ ಒಂದಿಷ್ಟು ಆಶಾವಾದವನ್ನೂ ಅಂಟಿಸಿದರು. ಮತ್ತದೇ ಕಥೆ. ಟಿರೆಲ್ ಸಿದ್ಧಪಡಿಸಿದ ಹೊಸ ಪಾಠವನ್ನು ವೆಲ್ಷ್ ನ್ಯಾಷನಲ್ ಒಪೆರಾ 2017ರಲ್ಲಿ ಕಾರ್ಡಿಫ್‌ನಲ್ಲಿ ಪ್ರದರ್ಶಿಸಿತು. ಸುಮಾರು ಒಂದು ವರ್ಷದ ಬಳಿಕ, 2018ರ ಅಕ್ಟೋಬರ್‌ನಲ್ಲಿ, ಟಿರೆಲ್ ತೀರಿಕೊಂಡರು.